ಮದಗದ ಬದಿಯ ರೋಸ್

ಊರವರ ಲೆಕ್ಕದಲ್ಲಿ ಪಾಸ್ಕಲ್ ಮಾಸ್ಟ್ರಿಗೆ ನಾನೊಬ್ಬಳೇ ಮಗಳು. ಮಮ್ಮಿಯ ಲೆಕ್ಕ ಬೇರೆ. ಗೋಳಿಮರಗಳಲ್ಲಿ ಮಳೆಗಾಲವಿಡೀ ಕಿರುಚಾಡುವ ಹಕ್ಕಿಮರಿಗಳೆಲ್ಲ ಪಪ್ಪನ ಮಕ್ಕಳೇ, ಝೀಟಾ ಮಾತ್ರ ರೆಕ್ಕೆ ಇಲ್ಲದ್ದರಿಂದ ಸ್ವಲ್ಪ ಹಿಂದೆ ಬಿದ್ದವಳು ಎಂದು ಅವಳು ಮನೆಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು. ಝೀಟಾ ಎಂದರೆ ನಾನು.

ಶಿರ್ವದ ಪೇಟೆ ದಾಟಿ ಕಾಪುವಿನ ಕಡೆ ಸ್ವಲ್ಪ ಬಂದರೆ ಗದ್ದೆಗಳ ನಡುವೆ ಒಂದು ಮದಗ ಸಿಗುತ್ತದೆ. ದೊಡ್ಡ ಕೆರೆಗೆ ನಮ್ಮಲ್ಲಿ ಮದಗ ಎನ್ನುವುದು. ಈಚೆ ದಂಡೆಯಲ್ಲಿ ನಮ್ಮ ಮನೆ, ಆಚೆ ದಂಡೆಯಲ್ಲಿ ಶೇಕಬ್ಬರ ಮನೆ, ನಡುವೆ ಏರಿಯ ಮೇಲೆ ಒಂದು ಕಾಲುದಾರಿ. ಡಾಂಬರು ರಸ್ತೆಯಿಂದ ಎರಡೂ ಮನೆಗೆ ಬರುವುದು ಅದೇ ದಾರಿಯಲ್ಲಿ. ಗೋಳಿಮರಗಳು, ಅಂದರೆ ಆಲದ ಮರಗಳು, ಇರುವುದು ನಮ್ಮ ಬದಿಗೆ. ಪಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ವರ್ಷಗಟ್ಟಲೆ ಅರ್ಜಿ ಬರೆದು, ಕಾರ್ಕಳಕ್ಕೂ ಮಂಗಳೂರಿಗೂ ಅಲೆದು, ಅರಣ್ಯ ಇಲಾಖೆಯ ಜೀಪು ಬಂದು 'ಜಲಪಕ್ಷಿಗಳ ಮೀಸಲು ತಾಣ' ಎಂಬ ಹಳದಿ ಬೋರ್ಡು ನೆಟ್ಟು ಹೋಗುವ ತನಕ ಅವರು ಬಿಡಲಿಲ್ಲ. ಇಲಾಖೆ ಕೊಟ್ಟದ್ದು ಬೋರ್ಡು. ಕಾವಲು, ಗದರಿಕೆ, ಉಪದೇಶ ಎಲ್ಲ ಪಪ್ಪನದ್ದು.

ಮೊದಲ ಮಳೆ ಬಿದ್ದು ಗದ್ದೆಗೆ ನೀರು ನಿಲ್ಲುವ ಹೊತ್ತಿಗೆ ಹಕ್ಕಿಗಳು ಬರುತ್ತಿದ್ದವು. ಮೊದಲು ನೀರುಕಾಗೆಗಳು ಬಂದು ಮರದ ತುದಿಗಳನ್ನು ಹಿಡಿದುಕೊಳ್ಳುತ್ತಿದ್ದವು. ಆಮೇಲೆ ಬೆಳ್ಳಕ್ಕಿಗಳು, ಕೊಕ್ಕರೆಗಳು. ದನಗಳ ಹಿಂದೆ ಸುತ್ತುವ ಬೆಳ್ಳಕ್ಕಿಯ ತಲೆ ಕುತ್ತಿಗೆ ಆ ದಿನಗಳಲ್ಲಿ ಅರಸಿನ ಹಚ್ಚಿಕೊಂಡಂತೆ ಹಳದಿಯಾಗುತ್ತದೆ. ಗದ್ದೆಯ ಬದಿಯಲ್ಲಿ ಮಣ್ಣಿನ ಬಣ್ಣಕ್ಕೆ ಇರುತ್ತಿದ್ದ ಕೊಕ್ಕರೆಯ ಬೆನ್ನು ಕಡು ಕೆಂಪಾಗುತ್ತದೆ. ಪಪ್ಪ ಮಳೆಕೋಟು ಹಾಕಿಕೊಂಡು ದಂಡೆಯ ಕಲ್ಲಿನ ಮೇಲೆ ಕೂರುವರು, ಮಣಿಪಾಲದ ಒಬ್ಬ ಡಾಕ್ಟರು ಕೊಟ್ಟ ದುರ್ಬೀನು ಅವರ ಕಣ್ಣಿಗೆ ಅಂಟಿರುತ್ತಿತ್ತು. ಕೊಡೆ ಹಿಡಿಯುವ ಕೆಲಸ ನನ್ನದು. "ನೋಡು, ಕಳ್ಳ!" ಎಂದು ಅವರು ನನಗೆ ದುರ್ಬೀನು ದಾಟಿಸುವರು. ಗಂಡು ಹಕ್ಕಿ ಕಷ್ಟಪಟ್ಟು ತಂದ ಕಡ್ಡಿಯನ್ನು ಪಕ್ಕದ ಗೂಡಿನವನು ಎಳೆದುಕೊಂಡು, ಏನೂ ಆಗದವನ ಹಾಗೆ ಆಚೆ ತಿರುಗಿ ಕೂತಿರುತ್ತಿದ್ದ. ಹಕ್ಕಿಗಳ ಕಳ್ಳತನಕ್ಕೆ ಪಪ್ಪ ಮನಸ್ಸು ಬಿಚ್ಚಿ ನಗುತ್ತಿದ್ದರು. ಮನುಷ್ಯರ ವಿಷಯದಲ್ಲಿ ಮಾತ್ರ ಬಹಳ ಬಿಗಿ.

ಮರಿಗಳಾದ ಮೇಲೆ ನಮ್ಮ ಮನೆಯ ಗತಿ ಕೇಳುವುದು ಬೇಡ. ಹಗಲಿಡೀ ಕಿರುಚಾಟ, ಮರದ ಬುಡವಿಡೀ ಸುಣ್ಣ ಬಳಿದಂತೆ ಹಿಕ್ಕೆ. ಹೆದರಿದ ಮರಿ ತಿಂದ ಮೀನನ್ನೆಲ್ಲ ಕೆಳಗೆ ಕಾರುತ್ತದೆ. ಆ ವಾಸನೆ ಒಣಗಲು ಹಾಕಿದ ಬಟ್ಟೆಗೂ ಹತ್ತಿ, ಭಾನುವಾರದ ಪೂಜೆಗೆ ಇಗರ್ಜಿಗೆ ಹೋದರೆ ನಮ್ಮ ಬೆಂಚಿನಲ್ಲಿ ಜಾಗ ಧಾರಾಳವಾಗಿ ಸಿಗುತ್ತಿತ್ತು. ಆಗಸ್ಟಿನಲ್ಲಿ ಮರಿಗಳು ಗೂಡು ಬಿಟ್ಟು ಕೊಂಬೆಗೆ ಬರುತ್ತವೆ. ಹಾರಲು ಬಾರದು, ಕೂತಲ್ಲಿ ಕೂರುವ ತಾಳ್ಮೆಯೂ ಇಲ್ಲ. ಕೆಳಗೆ ಬಿದ್ದ ಮರಿಗೆ ತಾಯಿ ಉಣಿಸುವುದಿಲ್ಲ, ಕಾಗೆಯೋ ನಾಯಿಯೋ ಎತ್ತಿಕೊಂಡು ಹೋಗುತ್ತದೆ. "ಈ ತಿಂಗಳೊಂದು ಕಳೆದರೆ ಗೆದ್ದ ಹಾಗೆ" ಎಂದು ಪಪ್ಪ ಹೇಳುತ್ತಿದ್ದರು. ಹಾಗಾಗಿ ಮದಗದ ಸುತ್ತ ಅವರದ್ದೊಂದು ಕಟ್ಟಳೆ ಇತ್ತು: ಮರಿಗಳು ಹಾರುವ ತನಕ ಪಟಾಕಿ ಇಲ್ಲ, ಮೈಕು ಇಲ್ಲ, ಬ್ಯಾಂಡು ಇಲ್ಲ.

ಈ ಕಟ್ಟಳೆಯ ಬಿಸಿ ಮೊದಲು ತಟ್ಟಿದ್ದು ಶೇಕಬ್ಬರಿಗೆ. ಅವರಿಗೆ ಕಾಪುವಿನಲ್ಲಿ ಒಂದು ದಿನಸಿ ಅಂಗಡಿ. ಎಂಬತ್ತನಾಲ್ಕರ ಆಗಸ್ಟಿನಲ್ಲಿ ಅವರ ಮಗಳು ಜುಬೈದಾಳ ಮದುವೆ. ಜುಬೈದಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಮಳೆಗಾಲದಲ್ಲಿ ಎಂತ ಮದುವೆ ಎಂದು ಕೇಳಬೇಡಿ, ಹುಡುಗ ಮಸ್ಕತ್‌ನಲ್ಲಿದ್ದ. ರಜೆ ಸಿಕ್ಕಿದಾಗ ಮದುವೆ. ಹುಡುಗನ ಮನೆ ಪಡುಬಿದ್ರಿ. ಮದುಮಗನನ್ನು ದಫ್ ಬಾರಿಸುತ್ತ, ಹಾಡುತ್ತ, ಪಟಾಕಿ ಸಿಡಿಸುತ್ತ ಹೆಣ್ಣಿನ ಮನೆಗೆ ಕರೆತರುವುದು ಅವರ ಕ್ರಮ. ದಫ್‌ನವರನ್ನು ಉಳ್ಳಾಲದಿಂದ ಗೊತ್ತು ಮಾಡಿದ್ದರು. ಪಪ್ಪ ಹಿಂದಿನ ದಿನ ಏರಿ ದಾಟಿ ಹೋಗಿ ಶೇಕಬ್ಬರನ್ನು ತೆಂಗಿನ ಮರದ ಹತ್ತಿರ ಕರೆದು ಮಾತಾಡಿದರು. "ಹಕ್ಕಿಗೆ ಇವರು ಅವರು ಅಂತ ಇಲ್ಲ ಸಾಹೇಬರೇ, ನಿಯಮಕ್ಕೂ ಇಲ್ಲ. ನಾಳೆ ನನ್ನ ಮನೆಯ ಮದುವೆಯಾದರೂ ಇದೇ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಶೇಕಬ್ಬರು, "ಮಾಸ್ಟ್ರು ಹೇಳಿದ ಮೇಲೆ ಆಯ್ತು" ಎಂದರು.

ಮರುದಿನ ದಫ್‌ನವರು ಡಾಂಬರು ರಸ್ತೆಯಲ್ಲೇ ನಿಂತರು. ಮದುಮಗನ ಕಡೆಯವರು ಏರಿಯ ಮೇಲೆ ಕೊಡೆ ಹಿಡಿದುಕೊಂಡು, ಕೆಸರಿನಲ್ಲಿ ಚಪ್ಪಲಿ ಎಳೆಯುತ್ತ, ಒಬ್ಬರ ಹಿಂದೊಬ್ಬರು ಸುಮ್ಮನೆ ನಡೆದು ಬಂದರು. ಹುಡುಗನ ತಾಯಿ ಪಾತುಮ್ಮ ಅಂಗಳಕ್ಕೆ ಕಾಲಿಡುತ್ತಲೇ, "ನಾವು ಮದುವೆಗೆ ಬಂದದ್ದಾ, ಮಯ್ಯತ್ತಿಗೆ ಬಂದದ್ದಾ?" ಎಂದು ಕೇಳಿದರಂತೆ. ಶವ ಎತ್ತುವ ಮನೆಗೆ ಬರುವ ಹಾಗೆ ಬರಬೇಕಾಯಿತಲ್ಲ ಎಂದು ಅವರ ಸಿಟ್ಟು. ಆ ಮೇಲೆ ಆಕೆ ಶೇಕಬ್ಬರ ಮನೆಯ ಮೆಟ್ಟಿಲು ಹತ್ತಲಿಲ್ಲ. ಖರ್ಚು ಉಳಿಸಲಿಕ್ಕೆ ಬೀಗರು ಹಕ್ಕಿಯ ಕಥೆ ಕಟ್ಟಿದರು ಎಂದು ಪಡುಬಿದ್ರಿಯಲ್ಲಿ ಜುಬೈದಾಳಿಗೆ ದಿನಬೆಳಗಾದರೆ ಚುಚ್ಚು ಮಾತು. ಕಥೆಯಲ್ಲ, ಮಾಸ್ಟ್ರ ನಿಯಮ, ಎಲ್ಲರಿಗೂ ಒಂದೇ ಎಂದು ಅವಳು ಒಬ್ಬಳೇ ವಾದಿಸುತ್ತಿದ್ದಳು.

ಮರುವರ್ಷದ ಆಗಸ್ಟಿನಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಕಾರಣ ಅದೇ, ನನ್ನ ಹುಡುಗನಿಗೆ ಬಹರೈನ್‌ನಲ್ಲಿ ಕೆಲಸ. ಮದುವೆ ಶಿರ್ವದ ಇಗರ್ಜಿಯಲ್ಲಿ, ಊಟ ಅಲ್ಲಿಯದೇ ಸಭಾಭವನದಲ್ಲಿ. ಮನೆಯಲ್ಲಿ ಆಗಬೇಕಾದದ್ದು ರೋಸ್ ಮಾತ್ರ. ಮದುವೆಯ ಮುನ್ನಾದಿನ ಸಂಜೆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ತಂದೆ ತಾಯಿ ಮೊದಲಾಗಿ ಬಂಧುಬಳಗದವರೆಲ್ಲ ತಲೆಗೆ ತೆಂಗಿನ ಹಾಲು ಎರೆದು ಹರಸುವುದಕ್ಕೆ ನಮ್ಮಲ್ಲಿ ರೋಸ್ ಎನ್ನುತ್ತಾರೆ. ಹುಡುಗಿ ಮಣೆಯ ಮೇಲೆ ಕೂರುವಾಗ ಹೊರಗೆ ಗರ್ನಾಲ್ ಹೊಡೆಯಬೇಕು. ಮಾಮೂಲು ಪಟಾಕಿಯಲ್ಲ ಅದು, ಎದೆಯ ಗೂಡು ಅಲ್ಲಾಡುವಂಥ ಸದ್ದು. ಗರ್ನಾಲ್ ಕೇಳಿದರೆ ಸುತ್ತಲಿನವರಿಗೆ ಇಂಥವರ ಮನೆಯಲ್ಲಿ ರೋಸ್ ಶುರುವಾಯಿತು ಎಂದು ಗೊತ್ತು. ಕೇಳದಿದ್ದರೆ ಆ ಮನೆಗೆ ಏನೋ ಕೊರತೆ ಎಂದು ಅರ್ಥ.

ರೋಸ್‌ಗೆ ಕರೆಯಲು ಪಡುಬಿದ್ರಿಗೆ ನಾನೇ ಬಸ್ಸಿನಲ್ಲಿ ಹೋಗಿದ್ದೆ. ಜುಬೈದಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಝೀಟಾ, ನಿನ್ನ ರೋಸ್‌ಗೆ ಗರ್ನಾಲ್ ಉಂಟಾ?"

"ಪಪ್ಪ ಇರುವಾಗ ಎಲ್ಲಿಯ ಗರ್ನಾಲ್ ಮಾರಾಯ್ತಿ!"

"ಹಾಗಾದ್ರೆ ಮಾಮಿಯನ್ನೂ ಕರ್ಕೊಂಡು ಬರ್ತೇನೆ. ಅವರ ಕಣ್ಣಲ್ಲೇ ನೋಡಲಿ. ಮಾಸ್ಟ್ರ ಮನೆಯಲ್ಲೂ ಹಾಗೇ ಅಂತ ಒಮ್ಮೆ ಗೊತ್ತಾದರೆ ನನ್ನ ಅಪ್ಪನ ಹೆಸರು ಉಳೀತದೆ." ಮಾಮಿ ಎಂದರೆ ಅವಳ ಅತ್ತೆ ಪಾತುಮ್ಮ. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಮನೆಗೆ ಬಂದವಳೇ ಇದನ್ನೆಲ್ಲ ಪಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಬರಲಿ ಬರಲಿ. ನೋಡಲಿ. ಅದಕ್ಕಿಂತ ಸಾಕ್ಷಿ ಎಂತ ಬೇಕು?" ಎಂದರು. ಅವರಿಗೆ ಬಹಳ ಹೆಮ್ಮೆಯಾಗಿತ್ತು. ನನಗೂ ಆಗಿತ್ತು.

ಆದರೆ ಬೊಂಬಾಯಿಯಿಂದ ಎಡ್ಮಂಡ್ ಮಾಮ ಬಂದಿದ್ದರು. ಮಮ್ಮಿಯ ಒಬ್ಬನೇ ತಮ್ಮ. ಮದುವೆಯಲ್ಲಿ ಸೋದರಮಾವನ ಮಾತಿಗೆ ತೂಕ ಜಾಸ್ತಿ. ಬರುವ ದಾರಿಯಲ್ಲೇ ಗರ್ನಾಲ್ ಕೊಂಡು ತಂದಿದ್ದರು. ರೋಸ್‌ನ ದಿನ ಮಳೆ ಬಿಟ್ಟಿತ್ತು. ಚಪ್ಪರದಲ್ಲಿ ಜನ ಸೇರುತ್ತಿದ್ದರು, ಹೆಂಗಸರು ಒಳಗೆ ನನ್ನ ಜಡೆ ಬಿಚ್ಚುತ್ತಿದ್ದರು. ಕಿಟಕಿಯ ಹೊರಗೆ, ಹಿಂದಿನ ಜಗಲಿಯಲ್ಲಿ ಮಾಮನ ಧ್ವನಿ ಕೇಳಿತು.

"ಬಾವ, ಇರುವುದು ಒಬ್ಬಳೇ ಹುಡುಗಿ. ನಾಳೆ ಹುಡುಗನ ಕಡೆಯವರು, ಮಾಸ್ಟ್ರ ಮಗಳ ರೋಸ್ ಆದದ್ದೇ ಯಾರಿಗೂ ಗೊತ್ತಾಗಲಿಲ್ಲ ಅಂತ ನಗಾಡಿದರೆ ಎಂತ ಹೇಳುವುದು? ಬೊಂಬಾಯಿಯಿಂದ ಬಂದ ನಮ್ಮವರೇ ಕೇಳ್ತಿದ್ದಾರೆ, ನಿಮ್ಮ ಬಾವನ ಹತ್ತಿರ ದುಡ್ಡು ಇಲ್ವಾ ಅಂತ."

ಪಪ್ಪ ಇಲ್ಲ ಎಂದರು. ಮಾಮ ಮತ್ತೆ ಹೇಳಿದರು. ಪಪ್ಪ ಹಕ್ಕಿಗಳು ಎಂದರು. "ಹಕ್ಕಿ ನಾಳೆಯೂ ಇರ್ತದೆ, ಝೀಟಾ ಇರ್ತಾಳಾ?" ಎಂದು ಮಾಮ ಕೇಳಿದರು. ನಾನು ಕಿಟಕಿಯಿಂದ ನೋಡಿದೆ. ಪಪ್ಪ ಚಪ್ಪರದಲ್ಲಿ ಕೂತಿದ್ದ ಜನರ ಕಡೆ ನೋಡಿದರು, ಏರಿಯ ಕಡೆ ನೋಡಿದರು. ಏರಿಯ ಮೇಲೆ ಇನ್ನೂ ಯಾರೂ ಕಾಣುತ್ತಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಒಂದೇ ಒಂದು. ರಸ್ತೆ ಬದಿಯಲ್ಲಿ. ಅವರು ಬರುವ ಮೊದಲು ಮುಗಿಸಿ ಬಿಡು" ಎಂದರು.

'ಅವರು' ಎಂದರೆ ಯಾರು ಎಂದು ನನಗೆ ಗೊತ್ತಿತ್ತು. ಎದ್ದು ಹೊರಗೆ ಹೋಗಬೇಕು ಎನ್ನುವಷ್ಟರಲ್ಲಿ ಹೆಂಗಸರು ಕೈ ಹಿಡಿದು ಚಪ್ಪರಕ್ಕೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು. ಹಾಡು ಎತ್ತಿದರು. ಗರ್ನಾಲ್ ಸಿಡಿಯಿತು.

ಗೋಳಿಮರಗಳು ಒಮ್ಮೆಲೇ ಬರಿದಾದವು. ಬೆಳ್ಳಕ್ಕಿ, ನೀರುಕಾಗೆ ಎಲ್ಲ ಒಟ್ಟಿಗೆ ಎದ್ದು ಚಪ್ಪರದ ಮೇಲೆ ಕತ್ತಲಾಯಿತು. ಮಾಮನಿಗೆ ಸದ್ದು ಕೇಳಿ ಹುರುಪು ಬಂದಿರಬೇಕು, ಇನ್ನೊಂದು ಹೊಡೆದರು, ಮತ್ತೊಂದು ಹೊಡೆದರು. ಹಾಡು ನಿಂತಿತು. ಕೊಂಬೆಗಳಿಂದ ಮರಿಗಳು ನೀರಿಗೆ ಬೀಳುವ ಸದ್ದು ಮಣೆಯ ಮೇಲೆ ಕೂತ ನನಗೆ ಸರಿಯಾಗಿ ಕೇಳಿಸುತ್ತಿತ್ತು. ಪಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲೇ ಓಡಿದರು. ಸೊಂಟದ ತನಕ ನೀರಿಗಿಳಿದು ಕೈಗೆ ಸಿಕ್ಕಿದವನ್ನು ಎತ್ತಿ ದಂಡೆಗೆ ಹಾಕುತ್ತಿದ್ದರು. ಕಾಗೆಗಳು ಆಗಲೇ ಬಂದಿದ್ದವು. ನಮ್ಮದೇ ನಾಯಿ ಒಂದನ್ನು ಕಚ್ಚಿಕೊಂಡು ಚಪ್ಪರದ ನಡುವಿನಿಂದಲೇ ಓಡಿತು. ಯಾರೂ ಅದನ್ನು ತಡೆಯಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು.

ಆ ಹೊತ್ತಿಗೆ ಜುಬೈದಾ ಮತ್ತು ಪಾತುಮ್ಮ ಏರಿಯ ನಡುವೆ ಇದ್ದರು. ಪೂರ್ತಿ ನೋಡಿಕೊಂಡೇ ಬಂದರು. ಪಾತುಮ್ಮ ತಲೆಯ ಮೇಲಿನ ಬಿಳಿ ಬಟ್ಟೆ ಸರಿಮಾಡಿಕೊಂಡು ಚಪ್ಪರದ ಬಾಗಿಲಲ್ಲಿ ನಿಂತರು. ಪಪ್ಪ ಎರಡು ಮರಿಗಳನ್ನು ಎದೆಗೆ ಒತ್ತಿಕೊಂಡು, ಮೈಯೆಲ್ಲ ಕೆಸರಾಗಿ, ಮರಿಗಳು ಕಾರಿದ ಮೀನು ಅಂಗಿಯ ಮೇಲೆ ಸುರಿಯುತ್ತಿದ್ದ ಹಾಗೆಯೇ ಅವರಿಗೆ ಎದುರಾದರು.

"ಎಂತ ಮಾಸ್ಟ್ರೇ," ಪಾತುಮ್ಮ ನಿಧಾನವಾಗಿ ಕೇಳಿದರು, "ಈ ವರ್ಷ ನಿಮ್ಮ ಹಕ್ಕಿಗಳಿಗೆ ಕಿವಿ ಕೇಳುವುದಿಲ್ವಾ?"

ಪಪ್ಪ, "ನನಗೆ ಗೊತ್ತೇ ಇರಲಿಲ್ಲ ಪಾತುಮ್ಮ. ಬಾವ ಎಡ್ಮಂಡ್ ನನ್ನನ್ನು ಕೇಳದೆ..." ಎಂದರು.

ಎಡ್ಮಂಡ್ ಮಾಮ ರಸ್ತೆಯ ಕಡೆಯಿಂದ ಬೆಂಕಿಪೆಟ್ಟಿಗೆ ಹಿಡಿದುಕೊಂಡು ಆಗಷ್ಟೇ ಬಂದಿದ್ದರು. ಪಪ್ಪನ ಮುಖ ನೋಡಿದರು. ನಾಟಕದ ಮನುಷ್ಯ ನಮ್ಮ ಮಾಮ, ಸಣ್ಣ ಮಾತಿಗೂ ಊರು ಒಂದು ಮಾಡುವವರು. ಅವತ್ತು ಮಾತ್ರ ತಲೆ ತಗ್ಗಿಸಿ, ತಪ್ಪನ್ನು ತನ್ನ ಮೇಲೆ ಹಾಕಿಸಿಕೊಂಡು ಸುಮ್ಮನೆ ನಿಂತರು. ಅದನ್ನು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು.

"ಆಯ್ತು ಬಿಡಿ," ಎಂದರು ಪಾತುಮ್ಮ. "ನಮ್ಮ ಬಾಯಿ ಮುಚ್ಚಿಸಲಿಕ್ಕೆ ಏರಿ ದಾಟಿ ಹೋದವರಂತೆ, ಸ್ವಂತ ಬಾವ ಮನೆ ಬಾಗಿಲಲ್ಲಿ ಎಂತ ಮಾಡ್ತಾನೆ ಅಂತ ಗೊತ್ತಾಗಲಿಲ್ಲವಂತೆ." ಅವರು ಸೊಸೆಯ ಕಡೆ ತಿರುಗಿದರು. "ಇದನ್ನು ತೋರಿಸಲಿಕ್ಕಾ ನನ್ನನ್ನು ಕರ್ಕೊಂಡು ಬಂದದ್ದು? ನಿಯಮವಂತೆ! ನಿನ್ನ ಅಪ್ಪ ಕಟ್ಟಿದ ಕಥೆ ಅಂತ ನಾನು ಅವತ್ತೇ ಹೇಳಲಿಲ್ವಾ?"

ಜುಬೈದಾ ಅಳಲಿಲ್ಲ, ಪಪ್ಪನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಪಡುಬಿದ್ರಿಯ ಅಡುಗೆಮನೆಯಲ್ಲಿ ಅವಳಿಗೆ ಮಾತು ಕೊಟ್ಟು ಬಂದವಳು ನಾನೇ ತಾನೇ? ರೋಸ್‌ನ ಹುಡುಗಿ ಬಾಯಿ ಬಿಡಬಾರದು, ತಲೆ ಬಗ್ಗಿಸಿ ಕೂತಿರಬೇಕು. ಚಪ್ಪರವಿಡೀ ನಮ್ಮ ಕುಟುಂಬದವರು, ನಾಳೆ ನನ್ನನ್ನು ಕಳಿಸಿಕೊಡಬೇಕಾದ ಪಪ್ಪ ಕೆಸರು ಮೆತ್ತಿಕೊಂಡು ಎದುರಿಗೆ ನಿಂತಿದ್ದಾರೆ. ಅವರ ಮಾನ ತೆಗೆಯಲು ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ನಾನು ಸುಮ್ಮನಿದ್ದರೆ ಅವರ ಮಾನ ಉಳಿಯುತ್ತಿತ್ತು, ಶೇಕಬ್ಬರದ್ದು ಹೋಗುತ್ತಿತ್ತು.

"ಪಪ್ಪನಿಗೆ ಗೊತ್ತಿತ್ತು," ಎಂದೆ. "ಮಾಮ ಕೇಳಿದಾಗ ಪಪ್ಪ ಒಪ್ಪಿದರು. ನಾನು ಕಿಟಕಿಯಲ್ಲಿದ್ದೆ."

"ಝೀಟಾ!" ಮಮ್ಮಿ ನನ್ನ ಭುಜ ಹಿಡಿದಳು.

"ನಿಯಮ ಇದ್ದದ್ದು ಹೌದು ಪಾತುಮ್ಮ. ನನ್ನೆದುರೇ ಹೇಳಿದ್ದು. ಶೇಕಬ್ಬರು ಕೊಟ್ಟ ಮಾತು ಉಳಿಸಿಕೊಂಡರು. ನಾವು ಉಳಿಸಿಕೊಳ್ಳಲಿಲ್ಲ."

ಪಪ್ಪ ಮರಿಗಳನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು. ಒಂದು ಮಾತ್ರ ಎದ್ದು ನಿಂತಿತು. ಅವರು ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ, ರೇಗಿದ್ದರೆ ಒಳ್ಳೆಯದಿತ್ತು.

"ಹೌದು," ಎಂದರು, ಪಾತುಮ್ಮನಿಗೆ. "ನಾನೇ ಹೇಳಿದ್ದು ಹೊಡೆಯಲಿಕ್ಕೆ. ಒಂದೇ ಅಂತ ಹೇಳಿದ್ದೆ, ಅದೂ ಒಂದು ನೆಪ. ಶೇಕಬ್ಬರಿಗೆ ನಿಯಮ ಹೇಳುವಾಗ ನನಗೆ ಏನೂ ಕಷ್ಟ ಆಗಲಿಲ್ಲ. ಅವರ ಮನೆಯ ಮದುವೆ ತಾನೇ? ನನ್ನ ಮನೆಗೆ ಬಂದಾಗ ಜನ ಎಂತ ಹೇಳಿಯಾರು ಅಂತ ಹೆದರಿದೆ. ಈಗ ನಿಮ್ಮೆದುರು ಸುಳ್ಳೂ ಹೇಳಿದೆ. ಅವತ್ತು ನಿಮ್ಮ ಮಗನನ್ನು ಸದ್ದಿಲ್ಲದೆ ನಡೆಸಿದ್ದು ನಾನು, ಶೇಕಬ್ಬರಲ್ಲ."

ಪಾತುಮ್ಮ ಒಂದು ಹೆಜ್ಜೆ ಮುಂದೆ ಬಂದರು.

"ಇದನ್ನು ಅವತ್ತು ರಸ್ತೆಯಲ್ಲಿ ನಿಂತು ನಮಗೇ ಹೇಳಬಹುದಿತ್ತಲ್ಲ ಮಾಸ್ಟ್ರೇ. ನೀವು ಹೇಳಿದ್ದು ಶೇಕಬ್ಬರ ಕಿವಿಯಲ್ಲಿ. ಬೈಗುಳ ತಿಂದದ್ದು ಅವರು, ಒಂದು ವರ್ಷ."

ಪಪ್ಪ ಬಾವಿಕಟ್ಟೆಗೆ ಹೋಗಿ ಕೈ ತೊಳೆದರು. ಒಂದು ಕೊಡ ನೀರು ಮುಗಿದರೂ ತೊಳೆಯುತ್ತಲೇ ಇದ್ದರು, ಕೊನೆಗೆ ಮಮ್ಮಿಯೇ ಹೋಗಿ ಟವೆಲು ಕೊಟ್ಟು ಕರೆತಂದಳು. ಹೆಂಗಸರು ತೆಂಗಿನ ಹಾಲಿನ ಬಟ್ಟಲನ್ನು ಅವರ ಕೈಗೆ ಕೊಟ್ಟರು. ಪಪ್ಪ ಅದನ್ನು ಜುಬೈದಾಳ ಕಡೆ ಚಾಚಿದರು.

"ಮೊದಲು ನೀನು ಎರೆ ಮಗಳೇ. ನನ್ನ ಕೈ ಇವತ್ತು ಸರಿ ಇಲ್ಲ."

"ಬೇಡ ಮಾಸ್ಟ್ರೇ," ಎಂದಳು ಜುಬೈದಾ. ಸಿಟ್ಟಿನಿಂದಲ್ಲ, ಶಾಲೆಯಲ್ಲಿ ಅವರಿಗೆ ಉತ್ತರ ಹೇಳುತ್ತಿದ್ದಷ್ಟೇ ಮರ್ಯಾದೆಯಿಂದ. "ನೀವೇ ಎರೆಯಿರಿ. ನಾವು ನೋಡಿಕೊಂಡು ಹೋಗ್ತೇವೆ."

"ನೋಡಿಯಾದ ಮೇಲೆ ನಿನ್ನ ಅಪ್ಪನ ಮನೆಗೆ ಹೋಗುವ," ಎಂದು ಪಾತುಮ್ಮ ಸೊಸೆಗೆ ಹೇಳಿದರು. "ಅಂಗಡಿಯಿಂದ ಬಂದಿರಬಹುದು. ನನಗೆ ಅವರ ಹತ್ತಿರ ಒಂದು ಮಾತು ಹೇಳಲಿಕ್ಕುಂಟು." ಹಾಗೆಂದು ಮುಂದಿನ ಸಾಲಿನ ಕುರ್ಚಿಯಲ್ಲಿ, ನನ್ನ ಎದುರಿಗೇ ಕೂತರು. ಜುಬೈದಾ ಅವರ ಪಕ್ಕ ಕೂತಳು.

ಯಾರೋ ಹಾಡು ಮತ್ತೆ ಎತ್ತಿದರು, ಸರಿಯಾಗಿ ಯಾರೂ ಸೇರಿಕೊಳ್ಳಲಿಲ್ಲ. ಪಪ್ಪ ನನ್ನ ಮುಂದೆ ಬಂದು ನಿಂತರು. ನನಗೆ ಅವರ ಬಗ್ಗೆ ನಾಚಿಕೆಯಾಗಿತ್ತು, ಎಲ್ಲರೆದುರು ಅವರನ್ನು ಬೆತ್ತಲೆ ಮಾಡಿದ ನನ್ನ ಬಗ್ಗೆಯೂ ನಾಚಿಕೆಯಾಗಿತ್ತು, ಯಾವುದು ಹೆಚ್ಚು ಎಂದು ತಿಳಿಯುತ್ತಿರಲಿಲ್ಲ. ಕ್ಷಮಿಸಿ ಎನ್ನಬೇಕೆನಿಸಿತು, ಆದರೆ ಹೇಳಿದ್ದು ತಪ್ಪಲ್ಲವಲ್ಲ.

"ಕಣ್ಣು ಮುಚ್ಚು ಮಗಾ," ಎಂದರು ಪಪ್ಪ. ಹಾಲು ಕಣ್ಣಿಗೆ ಇಳಿದು ಉರಿಯದಿರಲಿ ಎಂದು ಎರೆಯುವ ಮೊದಲು ಎಲ್ಲ ಅಪ್ಪಂದಿರೂ ಹೇಳುವ ಮಾತು. ನಾನು ತಕ್ಷಣ ಮುಚ್ಚಿದೆ. ಅವರ ಮುಖ ನೋಡುವುದು ತಪ್ಪಿತಲ್ಲ ಎಂದು ಹಾಯೆನಿಸಿತು. ತಲೆಯ ಮೇಲೆ ಹಾಲು ಬೀಳುವ ಮೊದಲು ಅವರು ಉಸಿರು ಬಿಟ್ಟದ್ದು ಕೇಳಿತು. ಅವರಿಗೂ ಹಾಗೇ ಅನಿಸಿತ್ತು.